ದೃಷ್ಟಿಹೀನರ ಉದ್ಯೋಗ ಮತ್ತು ವೃತ್ತಿ ಪುನರ್ವಸತಿ

ಹುಟ್ಟಿನಿಂದಲೇ ಕಣ್ಣು ಕಾಣದವರು, ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರು, ಮಸುಕಾಗಿಯಷ್ಟೇ ಕಾಣುವವರು ಸ್ವಂತ ದುಡಿಮೆಯಿಂದ ಬದುಕಲು ಬೇಕಾಗುವ ತರಬೇತಿ, ಸಲಕರಣೆ, ಸಲಹೆ, ಕಾನೂನಿನ ಆಸರೆ ಮತ್ತು ಕೆಲಸದ ಸ್ಥಳದ ಮಾರ್ಪಾಡುಗಳನ್ನು ಒಟ್ಟಾಗಿ ವೃತ್ತಿ ಪುನರ್ವಸತಿ ಎನ್ನುತ್ತಾರೆ. ಭಾರತದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ, ಕನ್ನಡಕ ಹಾಕಿದ ಮೇಲೂ ಉತ್ತಮ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆ ಇದ್ದರೆ ಅಥವಾ ನೋಟದ ಹರವು 10 ಡಿಗ್ರಿಗಿಂತ ಕಿರಿದಾಗಿದ್ದರೆ ಅದು ಅಂಧತ್ವ. 6/18 ಮತ್ತು 3/60ರ ನಡುವಿನ ದೃಷ್ಟಿ, ಅಥವಾ 40 ಡಿಗ್ರಿಗಿಂತ ಕಡಿಮೆ ಹರವಿನ ನೋಟ ಮಂದದೃಷ್ಟಿ. 2011ರ ಜನಗಣತಿಯಲ್ಲಿ ದಾಖಲಾದ 2.68 ಕೋಟಿ ವಿಕಲಚೇತನರಲ್ಲಿ ದೃಷ್ಟಿಯ ತೊಂದರೆಯುಳ್ಳವರು 50 ಲಕ್ಷಕ್ಕೂ ಹೆಚ್ಚು. ಕರ್ನಾಟಕದಲ್ಲಿ ಸುಮಾರು 2.64 ಲಕ್ಷ. ಎಲ್ಲ ಬಗೆಯ ವಿಕಲಚೇತನರನ್ನು ಸೇರಿಸಿ ನೋಡಿದರೆ ದುಡಿಯುತ್ತಿದ್ದವರು ನೂರಕ್ಕೆ 36 ಮಂದಿ. ಗಂಡಸರಲ್ಲಿ 47, ಹೆಂಗಸರಲ್ಲಿ ಬರೀ 23. ಇಷ್ಟೊಂದು ಜನ ಕೆಲಸದಿಂದ ಹೊರಗುಳಿಯಲು ಕಣ್ಣೇ ಕಾರಣವೆಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಇನ್ನೂರು ವರ್ಷಗಳ ಅನುಭವ ಹೇಳುವುದು ಬೇರೆಯದನ್ನು. ದೃಷ್ಟಿಹೀನರಿಗೆ ಹೊಂದುವ ಕೆಲಸ ಯಾವುದೆಂದು ಬೇರೆಯವರು ಗೊತ್ತುಮಾಡಿದಾಗಲೆಲ್ಲ ಆ ಕೆಲಸಗಳು ಬಹುಕಾಲ ಕೈಹಿಡಿಯಲಿಲ್ಲ. ಓದು, ಓಡಾಟ, ಉಪಕರಣಗಳನ್ನು ಒದಗಿಸಿ ಆಯ್ಕೆಯನ್ನು ಅವರಿಗೇ ಬಿಟ್ಟಾಗ ಅವರು ಯಾರೂ ಊಹಿಸದ ವೃತ್ತಿಗಳಲ್ಲಿ ನೆಲೆನಿಂತರು.

ಯುರೋಪಿನಲ್ಲಿ ಈ ಕಥೆ ಪ್ಯಾರಿಸ್ಸಿನಿಂದ ಶುರುವಾಗುತ್ತದೆ. 1780ರ ದಶಕದಲ್ಲಿ ವ್ಯಾಲಂಟೈನ್ ಹಾಯ್ ಅಲ್ಲಿ ಅಂಧ ಮಕ್ಕಳಿಗಾಗಿ ತೆರೆದ ಶಾಲೆಯಲ್ಲಿ ಓದಿನ ಜೊತೆಗೆ ಕೈಕಸುಬುಗಳನ್ನೂ ಕಲಿಸಲಾಗುತ್ತಿತ್ತು. ಅದೇ ಸಂಸ್ಥೆಯ ವಿದ್ಯಾರ್ಥಿ ಲೂಯಿ ಬ್ರೈಲ್ 1824ರ ಹೊತ್ತಿಗೆ, ಹದಿನೈದರ ಹರೆಯದಲ್ಲಿ, ಆರು ಚುಕ್ಕಿಗಳ ಲಿಪಿಯನ್ನು ರೂಪಿಸಿದ್ದು ಎಲ್ಲರಿಗೂ ತಿಳಿದಿದೆ. ಅಲ್ಲಿಯ ಇನ್ನೊಬ್ಬ ವಿದ್ಯಾರ್ಥಿ ಕ್ಲೋದ್ ಮೊಂತಾಲ್ ಹೆಸರು ಅಷ್ಟು ಪ್ರಸಿದ್ಧವಲ್ಲ. ಉದ್ಯೋಗದ ಇತಿಹಾಸದಲ್ಲಿ ಆತನಿಗೆ ಸಲ್ಲಬೇಕಾದ ಸ್ಥಾನ ಮಾತ್ರ ದೊಡ್ಡದು. ಶಾಲೆಯ ಪಿಯಾನೋ ಬಿಚ್ಚಿ ಶ್ರುತಿ ಮಾಡಲು ಆತ ತಾನಾಗಿ ಕಲಿತ. ಅಂಧನೊಬ್ಬ ವಾದ್ಯವನ್ನು ಹಾಳುಮಾಡುತ್ತಾನೆಂಬ ಆಕ್ಷೇಪವನ್ನು ಎದುರಿಸಿ 1836ರಲ್ಲಿ ಶ್ರುತಿ ಮಾಡುವ ವಿದ್ಯೆಯ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದ. ಪಿಯಾನೋ ಶ್ರುತಿ ಮಾಡುವುದು ಮುಂದೆ ಯುರೋಪಿನಾದ್ಯಂತ ಅಂಧರ ಗೌರವದ ವೃತ್ತಿಯಾಯಿತು. ಜಪಾನಿನಲ್ಲಿ ಇದಕ್ಕೂ ಹಿಂದೆ, 17ನೇ ಶತಮಾನದಲ್ಲಿ, ಸುಗಿಯಾಮ ವಾಯಿಚಿ ಎಂಬ ಅಂಧ ವೈದ್ಯ ಸೂಜಿ ಚಿಕಿತ್ಸೆಗೆ ತೆಳುವಾದ ಕೊಳವೆಯೊಂದನ್ನು ಬಳಕೆಗೆ ತಂದ. ಸೂಜಿಯನ್ನು ಕೊಳವೆಯೊಳಗಿಟ್ಟು ಮೇಲಿನಿಂದ ತಟ್ಟಿದರೆ ಸ್ಪರ್ಶದ ನೆರವಿನಿಂದಲೇ ಸರಿಯಾದ ಜಾಗಕ್ಕೆ ಇಳಿಯುತ್ತದೆ. ಇಂದು ಕಣ್ಣು ಕಾಣುವ ಚಿಕಿತ್ಸಕರೂ ಆ ಕೊಳವೆಯನ್ನೇ ಬಳಸುತ್ತಾರೆ. ಈ ಎರಡೂ ವೃತ್ತಿಗಳನ್ನು ಅಂಧರಿಗಾಗಿ ಯಾವ ಸಮಿತಿಯೂ ಆರಿಸಿಕೊಡಲಿಲ್ಲ. ಅಂಧರೇ ದಾರಿ ಕಂಡುಕೊಂಡರು.

ಇದಕ್ಕೆ ಎದುರಾಗಿ ನಿಂತದ್ದು ಆಶ್ರಯ ಕಾರ್ಯಾಗಾರಗಳ ಪದ್ಧತಿ. 19ನೇ ಶತಮಾನದಲ್ಲಿ ಯುರೋಪು, ಅಮೆರಿಕಗಳ ಊರೂರುಗಳಲ್ಲಿ ಅಂಧರನ್ನು ಒಂದೆಡೆ ಕೂಡಿಸಿ ಪೊರಕೆ, ಬುಟ್ಟಿ, ಚಾಪೆ, ಬ್ರಷ್ಷು ಮಾಡಿಸುವ ಕೇಂದ್ರಗಳು ಎದ್ದವು. ಕೈಬೆರಳ ಅಳತೆಯಿಂದ ಮಾಡಬಹುದಾದ, ಓಡಾಟ ಬೇಡದ, ಓದು ಬೇಡದ ಕೆಲಸಗಳು ಇವು ಎಂಬುದೇ ಆಯ್ಕೆಯ ತರ್ಕವಾಗಿತ್ತು. ಅಮೆರಿಕದಲ್ಲಿ 1938ರ ಕಾಯ್ದೆಯೊಂದು ಸರಕಾರ ಇಂಥ ಕಾರ್ಯಾಗಾರಗಳಿಂದ ಸಾಮಾನು ಕೊಳ್ಳುವಂತೆ ಮಾಡಿ ಅವುಗಳಿಗೆ ಮಾರುಕಟ್ಟೆ ಒದಗಿಸಿತು. ಅದೇ ವರ್ಷದ ಇನ್ನೊಂದು ಕಾಯ್ದೆ ಅಂಗವೈಕಲ್ಯವುಳ್ಳ ದುಡಿಮೆಗಾರರಿಗೆ ಕನಿಷ್ಠ ಕೂಲಿಗಿಂತ ಕಡಿಮೆ ಕೊಡಲು ಪರವಾನಗಿ ನೀಡಿತು. ಕೆಲಸ ಸಿಕ್ಕಿತು, ಆದರೆ ಕೂಲಿಗೆ ಬೆಲೆ ಸಿಗಲಿಲ್ಲ. ಮೊದಲ ಮಹಾಯುದ್ಧ ಈ ಚಿತ್ರವನ್ನು ಸ್ವಲ್ಪ ಬದಲಿಸಿತು. ತಾನೂ ದೃಷ್ಟಿ ಕಳೆದುಕೊಂಡಿದ್ದ ಪತ್ರಿಕೋದ್ಯಮಿ ಆರ್ಥರ್ ಪಿಯರ್ಸನ್ 1915ರಲ್ಲಿ ಲಂಡನ್ನಿನಲ್ಲಿ ತೆರೆದ ಸೇಂಟ್ ಡನ್‌ಸ್ಟನ್ಸ್ ಸಂಸ್ಥೆ, ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೆ ಬುಟ್ಟಿ ಹೆಣಿಗೆಯ ಜೊತೆಗೆ ಅಂಗಮರ್ದನ ಚಿಕಿತ್ಸೆ, ಟೆಲಿಫೋನ್ ನಿರ್ವಹಣೆ, ಶೀಘ್ರಲಿಪಿ, ಕೋಳಿ ಸಾಕಣೆಯನ್ನೂ ಕಲಿಸಿತು. ದೇಶಕ್ಕಾಗಿ ಹೋರಾಡಿದವರನ್ನು ಮೂಲೆಯಲ್ಲಿ ಕೂರಿಸಲು ಸಮಾಜದ ಮನಸ್ಸು ಒಪ್ಪಲಿಲ್ಲ. ಹುಟ್ಟುಕುರುಡರ ವಿಷಯದಲ್ಲಿ ಅದೇ ಸಮಾಜ ಅಷ್ಟು ಧಾರಾಳವಾಗಿರಲಿಲ್ಲ.

ಅಂಧ ಮಕ್ಕಳ ಶಾಲೆ, ಯುದ್ಧದಲ್ಲಿ ದೃಷ್ಟಿ ಕಳೆದುಕೊಂಡವರ ಪುನರ್ವಸತಿ, ಈ ಎರಡೂ ಧಾರೆಗಳು ಭಾರತಕ್ಕೆ ಬಂದವು. ಆನಿ ಶಾರ್ಪ್ ಅವರು 1887ರಲ್ಲಿ ಅಮೃತಸರದಲ್ಲಿ ತೆರೆದದ್ದು ದೇಶದ ಮೊದಲ ಅಂಧರ ಶಾಲೆ; ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ 1901ರಲ್ಲಿ ಆರಂಭವಾಯಿತು. ವಯಸ್ಕರ ಪುನರ್ವಸತಿಗೆ ಎರಡನೆಯ ಮಹಾಯುದ್ಧ ಬರಬೇಕಾಯಿತು. 1943ರಲ್ಲಿ ಡೆಹ್ರಾಡೂನಿನಲ್ಲಿ ಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಭಾರತೀಯ ಸೈನಿಕರಿಗಾಗಿ ಸೇಂಟ್ ಡನ್‌ಸ್ಟನ್ಸ್ ವಸತಿಗೃಹ ಶುರುವಾಯಿತು. ಗ್ಯಾಲಿಪೊಲಿ ಕದನದಲ್ಲಿ ಕಣ್ಣು ಕಳೆದುಕೊಂಡಿದ್ದ ನ್ಯೂಜಿಲೆಂಡಿನ ಕ್ಲೂಥಾ ಮೆಕೆಂಜಿ ಅವರ ಶ್ರಮದಿಂದ 1944ರಲ್ಲಿ ಭಾರತದ ಅಂಧತ್ವದ ಬಗ್ಗೆ ವರದಿಯೊಂದು ಹೊರಬಂತು. ಅದರ ಫಲವಾಗಿ 1950ರಲ್ಲಿ ಡೆಹ್ರಾಡೂನಿನಲ್ಲಿ ವಯಸ್ಕ ಅಂಧರ ತರಬೇತಿ ಕೇಂದ್ರ, ಮರುವರ್ಷ ಬ್ರೈಲ್ ಮುದ್ರಣಾಲಯ ನೆಲೆಗೊಂಡವು. ಭಾರತದ ಎಲ್ಲ ಭಾಷೆಗಳಿಗೂ ಒಂದೇ ಆಧಾರವಾದ ಭಾರತಿ ಬ್ರೈಲ್ ಒಪ್ಪಿಗೆಯಾದದ್ದೂ 1951ರಲ್ಲೇ. 1952ರಲ್ಲಿ ಮುಂಬೈಯಲ್ಲಿ ರಾಷ್ಟ್ರೀಯ ಅಂಧರ ಸಂಘ ಹುಟ್ಟಿತು. 1959ರಲ್ಲಿ ಅಲ್ಲಿಯೇ ಮೊದಲ ವಿಶೇಷ ಉದ್ಯೋಗ ವಿನಿಮಯ ಕೇಂದ್ರ ತೆರೆಯಿತು. 1968ರಲ್ಲಿ ಮುಂಬೈ ಮತ್ತು ಹೈದರಾಬಾದುಗಳಲ್ಲಿ ಮೊದಲಾದ ಕೇಂದ್ರ ಸರಕಾರದ ವೃತ್ತಿ ಪುನರ್ವಸತಿ ಕೇಂದ್ರಗಳು ಆಮೇಲೆ ಬೆಂಗಳೂರನ್ನೂ ಸೇರಿ ಬೇರೆ ನಗರಗಳಿಗೆ ಹಬ್ಬಿದವು. ಕಟ್ಟಡ, ಹಣ, ಶಿಕ್ಷಕರು ಬಂದರು. ಕಲಿಸಿದ ಕಸುಬುಗಳು ಮಾತ್ರ ಬಹುಪಾಲು ಹಳೆಯ ಕಾರ್ಯಾಗಾರಗಳ ಪಟ್ಟಿಯಿಂದಲೇ ಬಂದವು: ಬೆತ್ತದ ಹೆಣಿಗೆ, ನೇಯ್ಗೆ, ಮೇಣದಬತ್ತಿ, ಸೀಮೆಸುಣ್ಣ, ಊದುಬತ್ತಿ.

ಆ ಪಟ್ಟಿಯ ಗತಿ ಏನಾಯಿತೆಂದು ನೋಡಬೇಕು. ಸರಕಾರಿ ಕಚೇರಿ, ಬ್ಯಾಂಕು, ರೈಲ್ವೆಗಳಲ್ಲಿ ಬೆತ್ತದ ಕುರ್ಚಿಗಳಿದ್ದಾಗ ಅವುಗಳ ಸೀಟು ಹೆಣೆಯುವ ಹುದ್ದೆಗೆ ಅಂಧರನ್ನು ತೆಗೆದುಕೊಳ್ಳಲಾಗುತ್ತಿತ್ತು. ಪ್ಲಾಸ್ಟಿಕ್ಕು ಮತ್ತು ಉಕ್ಕಿನ ಕುರ್ಚಿಗಳು ಬಂದವು. ಹೆಣೆಯಲು ಕುರ್ಚಿಯೇ ಉಳಿಯಲಿಲ್ಲ. ಟೆಲಿಫೋನ್ ಆಪರೇಟರ್ ಕೆಲಸ ಇದಕ್ಕಿಂತ ಎಷ್ಟೋ ಮೇಲು. ಕಿವಿ, ನೆನಪು, ಮಾತಿನ ಚುರುಕು ಬೇಡುವ ಆ ಕೆಲಸದಲ್ಲಿ ಸಾವಿರಾರು ಅಂಧರು ಸಂಬಳ, ನಿವೃತ್ತಿ ವೇತನಗಳೊಂದಿಗೆ ಘನತೆಯಿಂದ ದುಡಿದರು. ನೇರವಾಗಿ ಒಳಸಂಖ್ಯೆಗೆ ಕರೆ ಹೋಗುವ ಯಂತ್ರಗಳು ಬಂದ ಮೇಲೆ ಸ್ವಿಚ್‌ಬೋರ್ಡುಗಳೇ ಕಣ್ಮರೆಯಾದವು. ಧ್ವನಿಮುದ್ರಿಕೆ ಕೇಳಿ ಬೆರಳಚ್ಚು ಮಾಡುವ ಹುದ್ದೆಗಳ ಹಣೆಬರಹವೂ ಅದೇ. ಯಂತ್ರಗಳು ಕಣ್ಣು ಕಾಣುವವರ ಕೆಲಸವನ್ನೂ ಕಿತ್ತುಕೊಂಡಿವೆಯಲ್ಲ ಎಂದು ಕೇಳಬಹುದು. ನಿಜ. ಆದರೆ ಅವರಿಗೆ ಒಂದು ಬಾಗಿಲು ಮುಚ್ಚಿದರೆ ಪಕ್ಕದ ಬಾಗಿಲು ತಟ್ಟಲು ಓದು, ಓಡಾಟ, ಕಂಪ್ಯೂಟರಿನ ಅಭ್ಯಾಸ ಇದ್ದವು. ಅಂಧ ದುಡಿಮೆಗಾರನಿಗೆ ಆ ಒಂದು ಕಸುಬನ್ನಷ್ಟೇ ಕಲಿಸಿ, ಅದಕ್ಕೆ ಹೊಂದಿಸಿಯೇ ಅವನ ಶಿಕ್ಷಣವನ್ನು ಮೊಟಕುಮಾಡಲಾಗಿತ್ತು. ತಪ್ಪು ಯಂತ್ರದ್ದಲ್ಲ, ಅಷ್ಟು ಕಿರಿದಾಗಿ ಕಲಿಸಿದವರದು.

ಇದಕ್ಕೆ ಬಲವಾದ ಪ್ರತಿವಾದವೊಂದಿದೆ: ಅಂಧರಿಗಾಗಿಯೇ ಕಾದಿರಿಸಿದ ವೃತ್ತಿಗಳು ಕೆಲವೆಡೆ ತಲೆಮಾರುಗಳ ಕಾಲ ಅನ್ನ ಕೊಟ್ಟಿವೆ. ಸ್ಪೇನಿನಲ್ಲಿ 1938ರಲ್ಲಿ ಹುಟ್ಟಿದ ಒನ್ಸೆ ಎಂಬ ಅಂಧರ ಸಂಸ್ಥೆ ಲಾಟರಿ ಮಾರಾಟದ ಹಕ್ಕು ಪಡೆದು, ಆ ಆದಾಯದಿಂದ ತನ್ನ ಸದಸ್ಯರಿಗೆ ಕೆಲಸ, ಶಿಕ್ಷಣ, ಪುನರ್ವಸತಿ ಒದಗಿಸುತ್ತ ಬಂದಿದೆ. ಅಮೆರಿಕದ 1936ರ ಕಾಯ್ದೆ ಕೇಂದ್ರ ಸರಕಾರದ ಕಟ್ಟಡಗಳಲ್ಲಿ ಅಂಗಡಿ ನಡೆಸಲು ಅಂಧರಿಗೆ ಆದ್ಯತೆ ಕೊಟ್ಟಿತು. ದಕ್ಷಿಣ ಕೊರಿಯದಲ್ಲಿ ಅಂಗಮರ್ದನದ ಪರವಾನಗಿ ದೃಷ್ಟಿಹೀನರಿಗೆ ಮಾತ್ರ ಮೀಸಲು. 2006ರಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯ ಈ ಮೀಸಲನ್ನು ಒಪ್ಪದಾಗ ಅಂಧರು ಬೀದಿಗಿಳಿದರು, ಸಂಸತ್ತು ಮತ್ತೆ ಕಾನೂನು ಮಾಡಿತು, 2008ರಲ್ಲಿ ಅದೇ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಈ ನಿದರ್ಶನಗಳನ್ನು ತಳ್ಳಿಹಾಕುವಂತಿಲ್ಲ. ಹಸಿದವನಿಗೆ ಇಂದಿನ ಕೆಲಸ ನಾಳಿನ ಸಮಾನತೆಗಿಂತ ದೊಡ್ಡದು. ಆದರೆ ಇವು ಗೆದ್ದದ್ದು ಹೇಗೆಂದು ಗಮನಿಸಿದರೆ, ಒನ್ಸೆಯಂಥ ಕಡೆ ಹಣ ಮತ್ತು ಆಡಳಿತ ಅಂಧರ ಕೈಯಲ್ಲೇ ಇತ್ತು, ಗಳಿಕೆ ಮುಂದಿನ ತಲೆಮಾರಿನ ಶಿಕ್ಷಣಕ್ಕೆ ಹೋಯಿತು. ಕೊರಿಯದ ಕಥೆ ಮೀಸಲು ವೃತ್ತಿಯ ಅಪಾಯವನ್ನೂ ತೋರಿಸುತ್ತದೆ: ಬದುಕೆಲ್ಲ ಒಂದೇ ಪರವಾನಗಿಯ ಮೇಲೆ ನಿಂತಾಗ ಒಂದು ತೀರ್ಪು ಇಡೀ ಸಮುದಾಯದ ಕಾಲಕೆಳಗಿನ ನೆಲವನ್ನೇ ಸರಿಸಿಬಿಡಬಲ್ಲದು.

ಕನ್ನಡ ನಾಡಿನ ದೊಡ್ಡ ನಿದರ್ಶನ ಗದುಗಿನ ವೀರೇಶ್ವರ ಪುಣ್ಯಾಶ್ರಮ. ಹುಟ್ಟಿನಿಂದ ಅಂಧರಾದ ಪಂಚಾಕ್ಷರಿ ಗವಾಯಿಗಳು (1892-1944) ಹಾನಗಲ್ಲ ಕುಮಾರ ಸ್ವಾಮಿಗಳ ಆಸರೆಯಲ್ಲಿ ಸಂಗೀತ ಕಲಿತು, ತಮ್ಮಂಥ ಮಕ್ಕಳನ್ನು ಕೂಡಿಸಿಕೊಂಡು ಊರೂರು ಸುತ್ತುತ್ತ ಕಲಿಸಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914-2010) ಆ ಪರಂಪರೆಯನ್ನು ಅರವತ್ತಕ್ಕೂ ಹೆಚ್ಚು ವರ್ಷ ನಡೆಸಿದರು. ಆಶ್ರಮದ ನಾಟಕ ಕಂಪನಿಯ ಗಳಿಕೆಯೇ ಅದನ್ನು ಸಾಕಿದ ಕಾಲವೂ ಇತ್ತು. ಗಾಯನ, ಹಾರ್ಮೋನಿಯಂ, ತಬಲಾ, ಪಿಟೀಲು, ಕೀರ್ತನೆ ಕಲಿತು ಹೊರಬಂದವರು ಶಾಲೆಗಳ ಸಂಗೀತ ಶಿಕ್ಷಕರಾದರು, ಮಠಗಳ ಪುರಾಣ ಪ್ರವಚನಗಳಿಗೆ ಸಾಥಿದಾರರಾದರು, ಆಕಾಶವಾಣಿಯ ಕಲಾವಿದರಾದರು. ಊಟ, ವಸತಿ, ವಿದ್ಯೆ ಮೂರಕ್ಕೂ ಬೆಲೆ ಕೇಳದ ಈ ಸಂಸ್ಥೆ ಉತ್ತರ ಕರ್ನಾಟಕದ ಬಡ ಅಂಧ ಮಕ್ಕಳಿಗೆ ಮಾಡಿದ್ದನ್ನು ಯಾವ ಸರಕಾರಿ ಯೋಜನೆಯೂ ಮಾಡಿಲ್ಲ ಎಂದರೆ ಉತ್ಪ್ರೇಕ್ಷೆಯಲ್ಲ. ಪುಣ್ಯಾಶ್ರಮದ ಬಲ ಇರುವುದು ಅಲ್ಲಿ ಕಲಿಸುವವರೂ ಅಂಧರೇ ಆಗಿದ್ದರು ಎಂಬಲ್ಲಿ, ಕಣ್ಣು ಕಾಣುವ ಮಕ್ಕಳೂ ಜೊತೆಗೆ ಕುಳಿತು ಅದೇ ಕಠಿಣ ಶಿಕ್ಷಣ ಪಡೆದರು ಎಂಬಲ್ಲಿ. ವಿದ್ಯೆಯ ಮಟ್ಟವನ್ನು ಅಂಧರೆಂದು ಯಾರೂ ಇಳಿಸಲಿಲ್ಲ. ಆದರೂ ಕಣ್ಣು ಕಾಣದ ಪ್ರತಿ ಮಗುವಿಗೂ ಸಂಗೀತವೇ ಗತಿ ಎಂಬ ತೀರ್ಮಾನವನ್ನು ಇದರಿಂದ ತೆಗೆಯಬಾರದು. ಕಂಠವಿಲ್ಲದ, ಲಯಜ್ಞಾನವಿಲ್ಲದ ಅಂಧ ಮಗುವಿಗೂ ಗಣಿತ ಕಲಿಯುವ, ಲೆಕ್ಕಿಗನಾಗುವ ಹಕ್ಕಿದೆ.

ಹಾಗಾದರೆ ಪುನರ್ವಸತಿ ಕಲಿಸಬೇಕಾದದ್ದೇನು? ಯಾವ ವೃತ್ತಿಗೂ ಮೊದಲು, ಎಲ್ಲ ವೃತ್ತಿಗೂ ಬೇಕಾಗುವ ಮೂರು ಸಾಮರ್ಥ್ಯಗಳನ್ನು. ಒಂದು, ಒಬ್ಬರೇ ಓಡಾಡುವುದು. ನೆಲವನ್ನು ಎಡಬಲಕ್ಕೆ ತಡವುತ್ತ ನಡೆಯುವ ಉದ್ದ ಬಿಳಿಕೋಲಿನ ಕ್ರಮಬದ್ಧ ವಿಧಾನವನ್ನು 1940ರ ದಶಕದಲ್ಲಿ ಅಮೆರಿಕದ ರಿಚರ್ಡ್ ಹೂವರ್ ಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ ರೂಪಿಸಿದರು. ಬಸ್ಸು ಹತ್ತಿ ಕಚೇರಿ ತಲುಪಲು ಆಗದವರಿಗೆ ನೇಮಕಾತಿ ಪತ್ರದಿಂದ ಪ್ರಯೋಜನವಿಲ್ಲ. ಎರಡು, ಓದು ಬರಹ. ಕೇಳಿ ತಿಳಿಯುವುದೊಂದೇ ಸಾಕು, ಬ್ರೈಲ್ ಇನ್ನೇಕೆ ಎನ್ನುವವರಿದ್ದಾರೆ. ಕಾಗುಣಿತ, ವಿರಾಮಚಿಹ್ನೆ, ಗಣಿತದ ಸಮೀಕರಣ, ಭಾಷಣದ ಟಿಪ್ಪಣಿ ಇವು ಬೆರಳಿಗೆ ಸಿಕ್ಕಷ್ಟು ಸ್ಪಷ್ಟವಾಗಿ ಕಿವಿಗೆ ಸಿಗುವುದಿಲ್ಲ. ಮೂರು, ಕಂಪ್ಯೂಟರು ಮತ್ತು ಮೊಬೈಲು. ಪರದೆಯ ಮೇಲಿನ ಅಕ್ಷರಗಳನ್ನು ಧ್ವನಿಗೆ ತಿರುಗಿಸುವ ಸ್ಕ್ರೀನ್ ರೀಡರ್ ತಂತ್ರಾಂಶಗಳಲ್ಲಿ ಜಾಸ್ 1989ರಲ್ಲಿ ಬಂತು. ಅದನ್ನು ರೂಪಿಸಿದ ಟೆಡ್ ಹೆಂಟರ್ ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡವರು. ಅದರ ಬೆಲೆ ಭಾರತದ ವಿದ್ಯಾರ್ಥಿಗೆ ನಿಲುಕುವಂತಿರಲಿಲ್ಲ. ಆಸ್ಟ್ರೇಲಿಯಾದ ಅಂಧ ಯುವಕ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿ, ಅಂಧರೇ ಆದ ಜೇಮ್ಸ್ ಟೆ ಜೊತೆಗೂಡಿ ಬೆಳೆಸಿದ ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಮೌಸ್ ಮುಟ್ಟದೆ ಕೀಲಿಗಳಿಂದಲೇ ಎಕ್ಸೆಲ್ ಹಾಳೆ, ಮಿಂಚಂಚೆ, ಪ್ರೋಗ್ರಾಮಿಂಗ್ ನಡೆಸುವವರು ಇಂದು ಬೆಂಗಳೂರಿನ ಅನೇಕ ಕಂಪನಿಗಳಲ್ಲಿದ್ದಾರೆ. ಮಂದದೃಷ್ಟಿಯವರ ಅಗತ್ಯ ಬೇರೆ: ಅಕ್ಷರ ಹಿಗ್ಗಿಸುವ ತಂತ್ರಾಂಶ, ಹೆಚ್ಚು ಬೆಳಕು, ಕಪ್ಪು ಹಿನ್ನೆಲೆಯಲ್ಲಿ ಬಿಳಿ ಬರಹ. ನೋಡಲು ಎಲ್ಲರಂತೆ ಇರುವುದರಿಂದ ಇವರ ತೊಂದರೆ ಕಚೇರಿಯಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ಇವರನ್ನು ಮೈಗಳ್ಳರೆಂದು ತಿಳಿಯುವವರೇ ಹೆಚ್ಚು.

ಕನ್ನಡದ ಮಟ್ಟಿಗೆ ಈ ಮೂರನೆಯ ಸಾಮರ್ಥ್ಯಕ್ಕೆ ಒಂದು ವಿಚಿತ್ರ ತಡೆ ಎದುರಾಯಿತು. ಅದನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶ ಸರಕಾರಿ ಕಚೇರಿಗಳಿಗೆ ಕನ್ನಡವನ್ನು ತಂದಿತು. ಆ ಉಪಕಾರ ದೊಡ್ಡದು. ಆದರೆ ಅದರ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳು ರೋಮನ್ ಅಕ್ಷರಗಳ ಸಂಕೇತಗಳ ಮೇಲೆ ಕುಳಿತಿದ್ದವು. ಕಣ್ಣಿಗೆ ಕನ್ನಡ ಕಂಡರೂ ಕಂಪ್ಯೂಟರಿನ ಒಳಗೆ ಇದ್ದದ್ದು ರೋಮನ್ ಅಕ್ಷರಗಳ ಕಲಸುಮೇಲೋಗರ. ಸ್ಕ್ರೀನ್ ರೀಡರ್ ಓದುವುದು ಒಳಗಿನ ಸಂಕೇತವನ್ನು. ಹೀಗಾಗಿ ಅಂಧ ನೌಕರನಿಗೆ ಕೇಳಿಸಿದ್ದು ಅರ್ಥವಿಲ್ಲದ ಸದ್ದು. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯುನಿಕೋಡನ್ನು ರಾಜ್ಯ ಸರಕಾರ 2012ರಲ್ಲಿ ಒಪ್ಪಿಕೊಂಡಿತು. ಅಷ್ಟರಲ್ಲಿ ಲಕ್ಷಾಂತರ ಪುಟಗಳು ಹಳೆಯ ಸಂಕೇತದಲ್ಲಿ ಸೇರಿಹೋಗಿದ್ದವು, ಹಳೆಯ ರೂಢಿಯೂ ಒಮ್ಮೆಗೇ ಬಿಡಲಿಲ್ಲ. ಇನ್ನೊಂದು ರೂಢಿ, ಆದೇಶವನ್ನು ಮುದ್ರಿಸಿ, ಸಹಿ ಹಾಕಿ, ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸುವುದು. ಅದು ಬರಹದ ಚಿತ್ರ ಮಾತ್ರ. ಸ್ಕ್ರೀನ್ ರೀಡರಿಗೆ ಖಾಲಿ ಹಾಳೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದ ಕನ್ನಡ ಅಕ್ಷರ ಗುರುತಿಸುವ ತಂತ್ರಾಂಶದ ಸಂಶೋಧನೆಯಂಥ ಕೆಲಸಗಳು ಈ ಗೋಡೆಯನ್ನು ಸ್ವಲ್ಪ ಒಡೆದಿವೆ. ಗುಮಾಸ್ತನ ಕೆಲಸ ಅಂಧರಿಂದ ಆಗುವುದಿಲ್ಲ ಎನ್ನುವ ಅಧಿಕಾರಿಗೆ ಕೇಳಬೇಕಾದ ಪ್ರಶ್ನೆ ಇದು: ಕಡತ ಓದಲು ಅಡ್ಡ ಬಂದದ್ದು ಅಂಧ ನೌಕರನ ಕಣ್ಣೋ, ಕಚೇರಿಯ ಫಾಂಟೋ?

ಕಾನೂನು ಈ ಪ್ರಶ್ನೆಯತ್ತ ತಿರುಗಲು ನಾಲ್ಕು ದಶಕ ಬೇಕಾಯಿತು. 1977ರಲ್ಲಿ ಕೇಂದ್ರ ಸರಕಾರ ಸಿ ಮತ್ತು ಡಿ ಗುಂಪಿನ ಹುದ್ದೆಗಳಲ್ಲಿ ವಿಕಲಚೇತನರಿಗೆ ಶೇಕಡ 3, ಅದರಲ್ಲಿ ಅಂಧರಿಗೆ ಶೇಕಡ 1 ಮೀಸಲಿಟ್ಟಿತು. ಅದು ಕಾಗದದಲ್ಲೇ ಉಳಿದಾಗ 1980ರ ಮಾರ್ಚ್ 16ರಂದು ದೆಹಲಿಯಲ್ಲಿ ಕೆಲಸ ಕೇಳಿ ಮೆರವಣಿಗೆ ಹೊರಟ ಅಂಧರ ಮೇಲೆ ಪೊಲೀಸರು ಲಾಠಿ ಬೀಸಿದರು, ದೇಶ ತಲೆತಗ್ಗಿಸಿತು. ರಾಷ್ಟ್ರೀಯ ಅಂಧರ ಒಕ್ಕೂಟದ ಮೊಕದ್ದಮೆಯಲ್ಲಿ 1993ರಲ್ಲಿ ಸುಪ್ರೀಂ ಕೋರ್ಟು, ಅಂಧರು ನಾಗರಿಕ ಸೇವಾ ಪರೀಕ್ಷೆಯನ್ನು ಬ್ರೈಲಿನಲ್ಲಿ ಅಥವಾ ಲಿಪಿಕಾರರ ನೆರವಿನಿಂದ ಬರೆಯಬಹುದೆಂದಿತು. 1995ರ ಕಾಯ್ದೆ ಮೀಸಲಾತಿಯನ್ನು ಶಾಸನಬದ್ಧಗೊಳಿಸಿತು. ಆದರೆ ಅದರಲ್ಲೊಂದು ಕೊಂಡಿ ಇತ್ತು: ಅಂಧರಿಗೆ ತಕ್ಕುದೆಂದು ಗುರುತಿಸಿದ ಹುದ್ದೆಗಳಿಗೆ ಮಾತ್ರ ಮೀಸಲಾತಿ. ಗುರುತಿಸದೆ ಕೂತರೆ ಮೀಸಲಾತಿಯೇ ಇಲ್ಲ! ನಾಗರಿಕ ಸೇವೆಗೆ ಆಯ್ಕೆ ಬಯಸಿದ ರವಿಪ್ರಕಾಶ್ ಗುಪ್ತ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ ಈ ನೆಪವನ್ನು ಒಪ್ಪಲಿಲ್ಲ. 2013ರ ಅಕ್ಟೋಬರ್ 8ರ ತೀರ್ಪು ಮೀಸಲಾತಿಯನ್ನು ಗುರುತಿಸಿದ ಹುದ್ದೆಗಳ ಮೇಲಲ್ಲ, ವೃಂದದ ಒಟ್ಟು ಬಲದ ಮೇಲೆ, ಎಲ್ಲ ಗುಂಪುಗಳಲ್ಲೂ ಲೆಕ್ಕಹಾಕಬೇಕೆಂದು ಸ್ಪಷ್ಟಪಡಿಸಿತು. 2017ರ ಏಪ್ರಿಲ್ 19ರಿಂದ ಜಾರಿಗೆ ಬಂದ 2016ರ ಕಾಯ್ದೆ ಒಟ್ಟು ಮೀಸಲಾತಿಯನ್ನು ಶೇಕಡ 4ಕ್ಕೆ ಏರಿಸಿತು, ಅಂಧತ್ವ ಮತ್ತು ಮಂದದೃಷ್ಟಿಗೆ ಅದರಲ್ಲಿ ಶೇಕಡ 1. ಅದಕ್ಕಿಂತ ಮುಖ್ಯವಾಗಿ, ಕೆಲಸದ ಸ್ಥಳದಲ್ಲಿ ತಕ್ಕ ಅನುಕೂಲ ಮಾಡಿಕೊಡುವ ಹೊಣೆಯನ್ನು ಸರಕಾರಿ ಸಂಸ್ಥೆಗಳ ಮೇಲೆ ಹೊರಿಸಿತು, ಸೇವೆಯಲ್ಲಿದ್ದಾಗ ದೃಷ್ಟಿ ಕಳೆದುಕೊಂಡವರನ್ನು ಕೆಲಸದಿಂದ ತೆಗೆಯಬಾರದು, ಹಿಂಬಡ್ತಿ ಕೊಡಬಾರದು ಎಂದಿತು.

ಹುದ್ದೆಗಳನ್ನು ಗುರುತಿಸುವ ಪಟ್ಟಿ ಮಾತ್ರ ಹೋಗಿಲ್ಲ. 2021ರ ಜನವರಿಯಲ್ಲಿ ಕೇಂದ್ರ ಪ್ರಕಟಿಸಿದ ಪಟ್ಟಿಯಲ್ಲಿ ಎಲ್ಲ ಬಗೆಯ ವಿಕಲಚೇತನರಿಗೆ ಸೇರಿ 3,566 ಹುದ್ದೆಗಳಿವೆ. ಪಟ್ಟಿ ಬೆಳೆಯುತ್ತಿದೆಯಲ್ಲ, ಅದು ಪ್ರಗತಿಯಲ್ಲವೇ ಎಂದು ಕೇಳುವವರಿದ್ದಾರೆ. ಪ್ರಗತಿಯೇ ಹೌದು, ಆದರೆ ತಿರುವುಮುರುವಾದ ಪ್ರಗತಿ. ಪಟ್ಟಿಯಲ್ಲಿಲ್ಲದ ಹುದ್ದೆಗೆ ಬಾಗಿಲು ಮುಚ್ಚಿರುವುದೇ ನಿಯಮ, ತೆರೆದಿರುವುದು ಅಪವಾದ ಎಂಬ ಭಾವನೆ ಅದರ ಬುಡದಲ್ಲಿದೆ. ಪ್ರಾಂಜಲ್ ಪಾಟೀಲ್ ಅವರು 2016ರಲ್ಲಿ ನಾಗರಿಕ ಸೇವಾ ಪರೀಕ್ಷೆಯಲ್ಲಿ ಗೆದ್ದು ರೈಲ್ವೆ ಲೆಕ್ಕಪತ್ರ ಸೇವೆಗೆ ಹಂಚಿಕೆಯಾದರೂ ಪೂರ್ಣ ಅಂಧತ್ವದ ಕಾರಣಕ್ಕೆ ಅವರನ್ನು ಅಲ್ಲಿ ಸೇರಿಸಿಕೊಳ್ಳಲಿಲ್ಲ. ಮರುವರ್ಷ ಇನ್ನೂ ಮೇಲಿನ ಶ್ರೇಣಿ ಪಡೆದು ಅವರು ಐಎಎಸ್ ಸೇರಿದರು. ಲೆಕ್ಕಪತ್ರ ನೋಡಲಾರರೆಂದು ಕೈಬಿಡಲಾದ ಅವರೇ ಉಪವಿಭಾಗವೊಂದರ ಆಡಳಿತವನ್ನೇ ನಡೆಸಿದರು. ಹುದ್ದೆಯ ಹೆಸರು ನೋಡಿ ಯೋಗ್ಯತೆ ಅಳೆಯುವ ಕ್ರಮದ ಪೊಳ್ಳುತನಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನ್ಯಾಯಾಧೀಶರ ಹುದ್ದೆಯ ಚರ್ಚೆ ಈ ವಾದವನ್ನು ಕಡೆಯ ಅಂಚಿಗೆ ಒಯ್ಯಿತು. ಸಾಕ್ಷಿಯ ಮುಖಭಾವ ನೋಡಬೇಕು, ದಾಖಲೆ ಪರಿಶೀಲಿಸಬೇಕು, ಆದ್ದರಿಂದ ಒಂದು ಮಿತಿಗಿಂತ ಹೆಚ್ಚು ದೃಷ್ಟಿದೋಷವುಳ್ಳವರು ನ್ಯಾಯಾಧೀಶರಾಗಲಾರರು ಎಂಬ ನಿಲುವನ್ನು ಸುಪ್ರೀಂ ಕೋರ್ಟು 2019ರಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಒಪ್ಪಿತ್ತು. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದ ತೀರ್ಪು, ಅನುಕೂಲ ಕಲ್ಪಿಸಿಕೊಡುವ ತತ್ತ್ವವನ್ನೇ ಗಮನಿಸದ ಆ ನಿಲುವು ಇನ್ನು ಮೇಲ್ಪಂಕ್ತಿಯಾಗದು ಎಂದಿತು. 2025ರ ಮಾರ್ಚ್ 3ರಂದು ಮಧ್ಯಪ್ರದೇಶದ ನಿಯಮವನ್ನು ರದ್ದುಮಾಡುತ್ತ, ದೃಷ್ಟಿಹೀನತೆಯೊಂದೇ ಕಾರಣಕ್ಕೆ ಯಾರನ್ನೂ ನ್ಯಾಯಾಂಗ ಸೇವೆಯಿಂದ ಹೊರಗಿಡಲಾಗದು ಎಂದು ಸುಪ್ರೀಂ ಕೋರ್ಟು ಹೇಳಿತು. ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯದಲ್ಲಿ ಅಂಧರಾದ ಜಾಕ್ ಯಾಕೂಬ್ 1998ರಿಂದ 2013ರವರೆಗೆ ನ್ಯಾಯಮೂರ್ತಿಗಳಾಗಿದ್ದರು. ಅಂಥ ನಿದರ್ಶನ ಕಣ್ಣೆದುರಿಗೇ ಇದ್ದರೂ ಇಲ್ಲಿಯ ಅನುಮಾನ ಕರಗಲು ಇಷ್ಟು ಕಾಲ ಹಿಡಿಯಿತು.

ಉದ್ಯೋಗ ಕೊಡುವವರ ಆಕ್ಷೇಪಗಳು ಹೆಚ್ಚು ಲೌಕಿಕ: ಖರ್ಚು, ಸುರಕ್ಷತೆ, ಕೆಲಸದ ವೇಗ. ಇವನ್ನು ಪೂರ್ವಗ್ರಹವೆಂದು ಬದಿಗೊತ್ತಿದರೆ ಸಂವಾದವೇ ನಿಲ್ಲುತ್ತದೆ. ಬಸ್ಸು ಓಡಿಸುವುದು, ಶಸ್ತ್ರಚಿಕಿತ್ಸೆ ಮಾಡುವುದು ಇಂದಿನ ಸ್ಥಿತಿಯಲ್ಲಿ ದೃಷ್ಟಿಯಿಲ್ಲದೆ ಆಗುವ ಕೆಲಸಗಳಲ್ಲ. ಅದನ್ನು ಯಾವ ಅಂಧರ ಸಂಘಟನೆಯೂ ಕೇಳುತ್ತಿಲ್ಲ. ಬಹುಪಾಲು ಹುದ್ದೆಗಳು ಹಲವು ಬಿಡಿ ಕೆಲಸಗಳ ಕಟ್ಟು. ಪ್ರೌಢಶಾಲೆಯ ಸಮಾಜ ವಿಜ್ಞಾನ ಶಿಕ್ಷಕರನ್ನೇ ತೆಗೆದುಕೊಂಡರೆ, ಪಾಠ ಹೇಳುವುದಕ್ಕೆ ಬೇಕಾದದ್ದು ವಿಷಯಜ್ಞಾನ ಮತ್ತು ಮಾತು. ಹಾಜರಿಯನ್ನು ಧ್ವನಿಯಿಂದ ತೆಗೆಯಬಹುದು. ಕಪ್ಪುಹಲಗೆಯ ಬರಹಕ್ಕೆ ವಿದ್ಯಾರ್ಥಿಯೊಬ್ಬನ ಕೈ ಸಾಕು. ಉತ್ತರಪತ್ರಿಕೆ ತಿದ್ದಲು ಓದಿ ಹೇಳುವವರು ಬೇಕು; ಅಥವಾ ಆ ಹೊರೆಯನ್ನು ಸಹೋದ್ಯೋಗಿಗೆ ಕೊಟ್ಟು ಅವರ ಇನ್ನೊಂದು ಹೊರೆಯನ್ನು ತಾನು ಹೊರಬಹುದು. ನಾಲ್ಕು ಕೆಲಸಗಳಲ್ಲಿ ನಿಜವಾದ ತೊಡಕು ಒಂದರಲ್ಲಿ, ಅದಕ್ಕೂ ದಾರಿಯಿದೆ. ಖರ್ಚಿನ ವಿಷಯಕ್ಕೆ ಬಂದರೆ, ಎನ್‌ವಿಡಿಎ ಉಚಿತ, ಮೊಬೈಲುಗಳಲ್ಲಿ ಮಾತನಾಡುವ ಸೌಲಭ್ಯ ಮೊದಲೇ ಸೇರಿರುತ್ತದೆ. ಅಂಧರಿಗೆಂದು ಮಾಡಿದ ಮಾರ್ಪಾಡು ಎಲ್ಲರ ಪಾಲಾದದ್ದೂ ಉಂಟು: ಇಟಲಿಯ ಪೆಲೆಗ್ರಿನೊ ತುರ್ರಿ 19ನೇ ಶತಮಾನದ ಆರಂಭದಲ್ಲಿ ಅಂಧ ಮಹಿಳೆಯೊಬ್ಬರು ಪತ್ರ ಬರೆಯಲೆಂದು ಮಾಡಿದ ಯಂತ್ರ ಬೆರಳಚ್ಚು ಯಂತ್ರದ ಪೂರ್ವಜರಲ್ಲೊಂದು, 1976ರಲ್ಲಿ ರೇ ಕರ್ಜ್‌ವೈಲ್ ಅಂಧರಿಗಾಗಿ ರೂಪಿಸಿದ ಓದುವ ಯಂತ್ರದ ಸ್ಕ್ಯಾನಿಂಗ್ ಮತ್ತು ಅಕ್ಷರ ಗುರುತಿಸುವ ವಿದ್ಯೆಗಳು ಇಂದು ಪ್ರತಿ ಕಚೇರಿಯಲ್ಲಿವೆ. ಜರ್ಮನಿಯಲ್ಲಿ ಆರಂಭವಾದ ಕಾರ್ಯಕ್ರಮವೊಂದು ಅಂಧ ಮಹಿಳೆಯರಿಗೆ ಬೆರಳ ತುದಿಯಿಂದ ಸ್ತನದ ಗಂಟುಗಳನ್ನು ಪತ್ತೆಹಚ್ಚುವ ತರಬೇತಿ ಕೊಡುತ್ತದೆ; ಈ ವಿದ್ಯೆ ಭಾರತಕ್ಕೂ ಬಂದಿದೆ. ಇಲ್ಲಿ ದೃಷ್ಟಿಯಿಲ್ಲದವರ ಸ್ಪರ್ಶಜ್ಞಾನವೇ ಕೆಲಸದ ಅರ್ಹತೆ.

ಇನ್ನೂ ಗಟ್ಟಿಯಾದ ಆಕ್ಷೇಪ ಬೇರೊಂದಿದೆ. ಮೀಸಲಾತಿ, ಸ್ಕ್ರೀನ್ ರೀಡರ್, ಸಾಫ್ಟ್‌ವೇರ್ ಕಂಪನಿ ಇವೆಲ್ಲ ಓದಿದ, ನಗರದ, ಬಹುಪಾಲು ಗಂಡಸರಿಗೆ ಸಿಗುವಂಥವು; ಹಳ್ಳಿಯ ಅಂಧ ಹೆಣ್ಣುಮಗಳಿಗೆ ಇವುಗಳಿಂದೇನು ಪ್ರಯೋಜನ? ಆಕ್ಷೇಪ ಸರಿಯಾಗಿದೆ, ಅದಕ್ಕೆ ಪೂರ್ಣ ಉತ್ತರ ಇನ್ನೂ ಸಿಕ್ಕಿಲ್ಲ. ದಾರಿ ತೋರುವ ಪ್ರಯತ್ನಗಳು ಮಾತ್ರ ಇವೆ. ಗುಜರಾತಿನ ಫಣಸಾದಲ್ಲಿ 1960ರಿಂದ ನಡೆದ ಕೃಷಿ ತರಬೇತಿ ಕೇಂದ್ರ, ಅಂಧ ರೈತರು ಹಸು ಸಾಕಣೆ, ತೋಟಗಾರಿಕೆ, ಬೀಜ ಬಿತ್ತನೆಯನ್ನು ತಮ್ಮ ಊರಲ್ಲೇ ಮಾಡಬಲ್ಲರೆಂದು ತೋರಿಸಿತು. ಬೆಂಗಳೂರಿನ ಮಿತ್ರಜ್ಯೋತಿ ದೃಷ್ಟಿಹೀನ ಹೆಣ್ಣುಮಕ್ಕಳಿಗೆ ಅಡುಗೆ, ಹಣದ ವ್ಯವಹಾರ, ಒಬ್ಬರೇ ಓಡಾಟ ಇವುಗಳಿಂದ ಶುರುಮಾಡಿ ತರಬೇತಿ ಕೊಡುತ್ತದೆ. ಮನೆಯವರು ಹೊರಗೆ ಕಳಿಸಲು ಅಂಜುವ ಹುಡುಗಿಗೆ ಕಂಪ್ಯೂಟರಿಗಿಂತ ಮೊದಲು ಬೇಕಾದದ್ದು ಇದೇ. 1997ರಲ್ಲಿ ಮಹಾಂತೇಶ್ ಕಿವಡಸಣ್ಣವರ್ ಮತ್ತು ಎಸ್.ಪಿ. ನಾಗೇಶ್ ಎಂಬ ಇಬ್ಬರು ದೃಷ್ಟಿಹೀನ ಗೆಳೆಯರು ಕಟ್ಟಿದ ಸಮರ್ಥನಂ, 1999ರಲ್ಲಿ ಹುಟ್ಟಿದ ಎನೇಬಲ್ ಇಂಡಿಯಾ ಸಾವಿರಾರು ಜನರನ್ನು ಕೆಲಸಕ್ಕೆ ಸೇರಿಸಿವೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ವಿಕಲಚೇತನರೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಾಗಿ ದುಡಿಯುತ್ತಿದ್ದಾರೆ. ಇಂದು ಅವರ ಕಾಲ ಬಹುಪಾಲು ಮಾಸಾಶನ, ಗುರುತಿನ ಚೀಟಿಗಳ ಅರ್ಜಿಯಲ್ಲೇ ಕಳೆಯುತ್ತದೆ. ಬಿಳಿಕೋಲಿನ ನಡಿಗೆ, ಮೊಬೈಲ್ ಬಳಕೆ ಕಲಿಸುವ ತರಬೇತಿಯನ್ನು ಅವರಿಗೆ ಕೊಟ್ಟರೆ ಪುನರ್ವಸತಿ ನಗರದ ಕೇಂದ್ರದಿಂದ ಮನೆಬಾಗಿಲಿಗೆ ಬರುತ್ತದೆ. ನಲವತ್ತು ದಾಟಿದ ಮೇಲೆ ಮಧುಮೇಹದಿಂದಲೋ ಗ್ಲಾಕೋಮಾದಿಂದಲೋ ದೃಷ್ಟಿ ಕಳೆದುಕೊಂಡವರಿಗೂ ಇದೇ ಆಸರೆ. ಅವರು ಅಂಧರ ಶಾಲೆಗೆ ಹೋಗುವ ವಯಸ್ಸಿನವರಲ್ಲ.

ತಂತ್ರಜ್ಞಾನವೇ ಎಲ್ಲವನ್ನೂ ಪರಿಹರಿಸುತ್ತದೆ, ಕೃತಕ ಬುದ್ಧಿಮತ್ತೆ ಬಂದ ಮೇಲೆ ಪುನರ್ವಸತಿ ಕೇಂದ್ರಗಳೇ ಬೇಡ ಎಂಬ ಉತ್ಸಾಹದ ಮಾತೂ ಕೇಳುತ್ತಿದೆ. ಚಿತ್ರವನ್ನು ವಿವರಿಸುವ, ಕೈಬರಹ ಓದುವ ಮೊಬೈಲು ದೊಡ್ಡ ವರವೇ. ಆದರೆ ಹೊಸ ಯಂತ್ರ ಪ್ರತಿ ಸಲವೂ ಒಂದು ಹೊಸ ಗೋಡೆಯನ್ನೂ ತಂದಿದೆ: ಕೀಲಿಯಿಂದ ನಡೆಯುತ್ತಿದ್ದ ಕಂಪ್ಯೂಟರಿಗೆ ಚಿತ್ರದ ಪರದೆ ಬಂತು, ಜಾಲತಾಣದ ಬಾಗಿಲಲ್ಲಿ ಚಿತ್ರ ನೋಡಿ ಅಕ್ಷರ ಬರೆಯುವ ಪರೀಕ್ಷೆ ಬಂತು, ಬ್ಯಾಂಕಿನ ಗುರುತು ಪರಿಶೀಲನೆಗೆ ಕಣ್ಣು ಮಿಟುಕಿಸುವ ನಿಯಮ ಬಂತು. ಈ ಕಡೆಯದರ ವಿಚಾರದಲ್ಲಿ ಸುಪ್ರೀಂ ಕೋರ್ಟು 2025ರ ಏಪ್ರಿಲ್ 30ರಂದು, ಡಿಜಿಟಲ್ ಸೇವೆಗಳು ಎಲ್ಲರಿಗೂ ನಿಲುಕುವುದು ಬದುಕುವ ಹಕ್ಕಿನ ಭಾಗವೆಂದು ಹೇಳಬೇಕಾಯಿತು. ಯಂತ್ರ ರೂಪಿಸುವ ಮೇಜಿನಲ್ಲಿ ಅಂಧರು ಕೂತಿಲ್ಲದಿದ್ದರೆ ಗೋಡೆ ಕಟ್ಟಿಯಾದ ಮೇಲೆ ಕೋರ್ಟಿಗೆ ಹೋಗುವುದೇ ದಾರಿಯಾಗುತ್ತದೆ.

ಕರ್ನಾಟಕದಲ್ಲಿ ಮುಂದಿನ ಹೆಜ್ಜೆಗಳಿಗೆ ಹೊಸ ಕಾಯ್ದೆ ಬೇಕಿಲ್ಲ. ಎಲ್ಲ ಸರಕಾರಿ ಆದೇಶ, ಸುತ್ತೋಲೆ, ಪಠ್ಯಪುಸ್ತಕಗಳು ಯುನಿಕೋಡ್ ಬರಹವಾಗಿಯೇ ಹೊರಬರಲಿ. ದೃಷ್ಟಿಹೀನ ವಿದ್ಯಾರ್ಥಿಗಳಿಗೆ ಸರಕಾರ ಕೊಡುವ ಮಾತನಾಡುವ ಲ್ಯಾಪ್‌ಟಾಪಿನ ಜೊತೆಗೆ ಅದನ್ನು ಬಳಸಲು ಕಲಿಸುವ ಶಿಕ್ಷಕರೂ ಸಿಗಲಿ. ನೇಮಕಾತಿಯಾದ ದೃಷ್ಟಿಹೀನ ನೌಕರರಿಗೆ ಮೊದಲ ದಿನವೇ ಸ್ಕ್ರೀನ್ ರೀಡರ್ ಅಳವಡಿಸಿದ ಕಂಪ್ಯೂಟರು ಮತ್ತು ನಿಜವಾದ ಕೆಲಸ ಎರಡನ್ನೂ ಕೊಡಲಿ; ಸಂಬಳ ಕೊಟ್ಟು ಸುಮ್ಮನೆ ಕೂರಿಸುವುದು ಕರುಣೆಯಲ್ಲ, ಅವಮಾನ. ಸಂದರ್ಶನಕ್ಕೆ ಬಂದ ಅಭ್ಯರ್ಥಿಯನ್ನು ನಿರಾಕರಿಸುವ ಮುನ್ನ ಈ ಕೆಲಸವನ್ನು ನೀವು ಹೇಗೆ ಮಾಡುತ್ತೀರಿ, ನಿಮಗೆ ಏನು ಬೇಕು ಎಂದು ಅವರನ್ನೇ ಕೇಳಿ. ಬೇಕಾದ ಅನುಕೂಲವನ್ನು ಒದಗಿಸುವುದು 2016ರ ಕಾಯ್ದೆಯ 20ನೆಯ ಪ್ರಕರಣದ ಪ್ರಕಾರ ಪ್ರತಿ ಸರಕಾರಿ ಸಂಸ್ಥೆಯ ಕರ್ತವ್ಯ.